ಮುಖ ಒಡೆದಾಗ ಉಸಿರಿನ ಕೊಳವೆ ಎಲ್ಲಿಡೋದು?

ಇವತ್ತಿನ ಎಪಿಸೋಡ್ ಶುರು ಮಾಡೋ ಮುಂಚೆ ಒಂದು ಸಣ್ಣ ಕೆಲಸ ಮಾಡಿ. ಹೆಬ್ಬೆರಳನ್ನ ಗದ್ದದ ಕೆಳಗಿಡಿ, ತೋರುಬೆರಳನ್ನ ಮೂಗಿನ ಮೇಲಿಡಿ. ಮಧ್ಯದಲ್ಲಿರೋ ಜಾಗ ಒಂದು ಗೇಣೂ ಇಲ್ಲ ಅಲ್ವಾ? ನಮ್ಮ ಉಸಿರಿಗೆ ಹುಟ್ಟಿನಿಂದ ಬಂದಿರೋ ಬಾಗಿಲು ಎರಡೇ, ಮೂಗು ಮತ್ತು ಬಾಯಿ. ಎರಡೂ ಈ ಒಂದು ಗೇಣಿನೊಳಗೇ ಇವೆ.

ಈಗ ಬೈಕಿಂದ ಬಿದ್ದು ದವಡೆ ಮುರಿದುಕೊಂಡ ಒಬ್ಬರನ್ನ ಆಪರೇಷನ್ ಟೇಬಲ್ ಮೇಲೆ ಮಲಗಿಸಿದ್ದಾರೆ ಅಂತ ಇಟ್ಕೊಳ್ಳಿ. ಮೂಳೆ ಕೂಡಿಸೋಕೆ ಸರ್ಜನ್‌ಗೆ ಆ ಒಂದು ಗೇಣು ಜಾಗ ಬೇಕು. ರೋಗಿಯನ್ನ ಮಲಗಿಸಿ, ಉಸಿರಾಡಿಸಿ, ಮತ್ತೆ ಎಬ್ಬಿಸಬೇಕಾದ ಅರಿವಳಿಕೆ ಡಾಕ್ಟರಿಗೂ ಅದೇ ಒಂದು ಗೇಣು ಬೇಕು. ಹೊಟ್ಟೆ ಆಪರೇಷನ್ನಲ್ಲಿ ಈ ತಕರಾರೇ ಇಲ್ಲ, ಒಬ್ಬರು ತಲೆ ಹತ್ತಿರ ಕೂರ್ತಾರೆ, ಇನ್ನೊಬ್ಬರು ಹೊಟ್ಟೆ ಹತ್ತಿರ ನಿಲ್ತಾರೆ. ಮುಖ ಅಂದ್ರೆ ಮಾತ್ರ ಒಂದೇ ಸೈಟಿಗೆ ಇಬ್ಬರು ಮಾಲೀಕರು.

ಮುಖದ ಸರ್ಜರಿಯ ಇತಿಹಾಸವನ್ನ ಸಾಮಾನ್ಯವಾಗಿ ಸರ್ಜನ್‌ಗಳ ಕಥೆಯಾಗಿ ಹೇಳ್ತಾರೆ. ನನಗನಿಸೋದು, ಅದು ಅರ್ಧ ಕಥೆ. ಈ ಸೈಟಿನ ವ್ಯಾಜ್ಯ ಹೇಗೆ ಬಗೆಹರೀತು ಅನ್ನೋದು ಉಳಿದರ್ಧ, ಅದನ್ನ ಯಾರೂ ಹೇಳಲ್ಲ. ಇವತ್ತು ಅದನ್ನೇ ಹೇಳ್ತೀನಿ.

ಅರಿವಳಿಕೆ ಇಲ್ಲದ ಕಾಲದಲ್ಲಿ ಈ ವ್ಯಾಜ್ಯವೇ ಇರಲಿಲ್ಲ ಅನ್ನೋದು ವಿಚಿತ್ರ ಆದ್ರೂ ನಿಜ. ಸರ್ಜನ್ ಒಬ್ಬನೇ ಮಾಲೀಕ, ರೋಗಿ ಎಚ್ಚರವಾಗಿದ್ದು ತನ್ನ ಉಸಿರನ್ನ ತಾನೇ ನೋಡ್ಕೋತಿದ್ದ. ಇದಕ್ಕೆ ನಮ್ಮ ಕಡೆಯ ಒಂದು ಉದಾಹರಣೆ ಇದೆ. 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜೀನ್' ಒಂದು ಪತ್ರ ಅಚ್ಚು ಹಾಕ್ತು. ಕಾವಸ್ಜಿ ಅನ್ನೋ ಮರಾಠಿ ಮನುಷ್ಯ, ಇಂಗ್ಲಿಷ್ ಸೈನ್ಯದಲ್ಲಿ ಎತ್ತು ಹೊಡೀತಿದ್ದವನು, 1792ರ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು ಮೂಗು ಮತ್ತು ಒಂದು ಕೈ ಕಳ್ಕೊಂಡ ಅಂತ ಆ ಪತ್ರ ಹೇಳುತ್ತೆ. ಆಮೇಲೆ ಪುಣೆ ಕಡೆಯ ಒಬ್ಬ ಕಸುಬುದಾರ ಕಾವಸ್ಜಿಯ ಹಣೆಯ ಚರ್ಮವನ್ನ ಇಳಿಸಿ, ತಿರುಗಿಸಿ, ಹೊಸ ಮೂಗು ಕಟ್ಟಿದ. ಆ ಪತ್ರ ಓದಿದ ಜೋಸೆಫ್ ಕಾರ್ಪ್ಯು ಅನ್ನೋ ಸರ್ಜನ್ 1814ರಲ್ಲಿ ಲಂಡನ್‌ನಲ್ಲಿ ಅದನ್ನೇ ಮಾಡಿ ತೋರಿಸಿದ. ಎರಡೂ ಕಡೆ ಅರಿವಳಿಕೆ ಅನ್ನೋದೇ ಇಲ್ಲ. ಹಣೆಯ ಚರ್ಮ ಸುಲಿಯುವಾಗ ರೋಗಿ ಪೂರ್ತಿ ಎಚ್ಚರ.

1846ರ ಅಕ್ಟೋಬರ್ 16ಕ್ಕೆ ಬಾಸ್ಟನ್ನಿನಲ್ಲಿ ವಿಲಿಯಂ ಮಾರ್ಟನ್ ಈಥರ್ ಕೊಟ್ಟು ತೋರಿಸಿದ್ದು ನಿಮಗೆ ಗೊತ್ತಿರಬಹುದು. ಆ ರೋಗಿಯ ಗಡ್ಡೆ ಇದ್ದದ್ದು ದವಡೆಯ ಕೆಳಗೆ, ಕುತ್ತಿಗೆಯ ಪಕ್ಕದಲ್ಲಿ. ಇನ್ನೆರಡು ಬೆರಳು ಮೇಲಿದ್ದಿದ್ರೆ ಮಾರ್ಟನ್‌ನ ಗಾಜಿನ ಬುರುಡೆಗೂ ಸರ್ಜನ್‌ನ ಚಾಕುವಿಗೂ ಅವತ್ತೇ ಡಿಕ್ಕಿ. ಮರುವರ್ಷ ಕ್ಲೋರೊಫಾರಂ ಬಂತು. ಮುಂದಿನ ಎಪ್ಪತ್ತು ವರ್ಷ ಬಹುತೇಕ ಪದ್ಧತಿ ಇಷ್ಟೇ: ಮೂಗು ಬಾಯಿ ಮೇಲೆ ಬಟ್ಟೆ ಅಥವಾ ಮುಖವಾಡ ಹಿಡಿ, ಮೇಲಿಂದ ತೊಟ್ಟಿಕ್ಕಿಸು. ಕಾಲು ಕತ್ತರಿಸೋಕೆ ಇದು ಸಾಕು. ಮುಖವನ್ನೇ ಮುಚ್ಚಿಬಿಟ್ಟರೆ ಮುಖದ ಆಪರೇಷನ್ ಮಾಡೋದು ಎಲ್ಲಿ?

ಈ ಪ್ರಶ್ನೆ ತಡ್ಕೊಳ್ಳೋಕಾಗದ ಮಟ್ಟಕ್ಕೆ ಬಂದದ್ದು ಮೊದಲನೇ ಮಹಾಯುದ್ಧದಲ್ಲಿ. ಕಂದಕದ ಯುದ್ಧ ಅದು. ಮೈಯೆಲ್ಲ ಮಣ್ಣಿನ ಮರೆಯಲ್ಲಿ, ಇಣುಕಿದರೆ ಮುಖ ಮಾತ್ರ ಹೊರಗೆ. ಶೆಲ್ಲಿನ ಚೂರು ದವಡೆ, ಮೂಗು, ಕೆನ್ನೆಮೂಳೆಗಳನ್ನ ಕಿತ್ತುಕೊಂಡು ಹೋಗ್ತಿತ್ತು. ನ್ಯೂಜಿಲೆಂಡ್‌ನಲ್ಲಿ ಹುಟ್ಟಿದ ಹೆರಾಲ್ಡ್ ಗಿಲ್ಲೀಸ್ ಅನ್ನೋ ಸರ್ಜನ್ ಇಂಗ್ಲೆಂಡಿನ ಆಲ್ಡರ್‌ಶಾಟ್‌ನಲ್ಲಿ ಇಂಥವರಿಗಾಗಿ ವಾರ್ಡ್ ತೆರೆದಿದ್ದರು. 1916ರ ಜುಲೈನಲ್ಲಿ ಸೋಮ್ ಕದನ ಶುರುವಾದಾಗ ಇನ್ನೂರು ಜನ ಬರಬಹುದು ಅಂತ ಲೆಕ್ಕ ಹಾಕಿದ್ದರಂತೆ, ಬಂದದ್ದು ಸುಮಾರು ಎರಡು ಸಾವಿರ. 1917ರಲ್ಲಿ ಲಂಡನ್ ಹತ್ತಿರದ ಸಿಡ್‌ಕಪ್‌ನಲ್ಲಿ ಇದಕ್ಕಂತಲೇ ಕ್ವೀನ್ಸ್ ಆಸ್ಪತ್ರೆ ತೆರೆಯಬೇಕಾಯ್ತು. ಅಲ್ಲಿ ಐದು ಸಾವಿರಕ್ಕೂ ಹೆಚ್ಚು ಸೈನಿಕರಿಗೆ ಹನ್ನೊಂದು ಸಾವಿರಕ್ಕೂ ಹೆಚ್ಚು ಆಪರೇಷನ್ ಆದವು. ವಾರ್ಡಿನಲ್ಲಿ ಕನ್ನಡಿ ಇಡ್ತಿರಲಿಲ್ಲ. ಊರಿನ ರಸ್ತೆಯ ಕೆಲವು ಬೆಂಚುಗಳಿಗೆ ನೀಲಿ ಬಣ್ಣ ಬಳಿದಿದ್ದರು, ಇಲ್ಲಿ ಕೂತಿರೋರ ಮುಖ ನೋಡಿ ಬೆಚ್ಚಿಬೀಳಬೇಡಿ ಅಂತ ಊರವರಿಗೆ ಮುಂಚೆಯೇ ಸೂಚನೆ ಕೊಡೋಕೆ.

ಒಬ್ಬನಿಗೆ ಒಂದು ಆಪರೇಷನ್ ಸಾಕಾಗ್ತಿರಲಿಲ್ಲ. ಚರ್ಮ ತರಬೇಕು, ಅದು ಹಿಡಿಯೋವರೆಗೆ ಕಾಯಬೇಕು, ಮತ್ತೆ ಕತ್ತರಿಸಬೇಕು, ಮೂಳೆ ಕೂರಿಸಬೇಕು. ಪ್ರತಿ ಸಲವೂ ಅರಿವಳಿಕೆ. ಅಂದ್ರೆ ಪ್ರತಿ ಸಲವೂ ಸಾಯೋ ಸಾಧ್ಯತೆ. ದವಡೆ ಇಲ್ಲದವನನ್ನ ಅಂಗಾತ ಮಲಗಿಸಿದರೆ ನಾಲಿಗೆ ಹಿಂದಕ್ಕೆ ಬಿದ್ದು ಗಂಟಲು ಮುಚ್ಚುತ್ತೆ, ರಕ್ತ ನೇರ ಶ್ವಾಸನಾಳಕ್ಕೆ ಇಳಿಯುತ್ತೆ. ಗಿಲ್ಲೀಸ್ ಜೊತೆಗಿದ್ದ ಅರಿವಳಿಕೆ ವೈದ್ಯ ರೂಬೆನ್ಸ್ ವೇಡ್ ಇದಕ್ಕೆ ಕಂಡುಕೊಂಡ ಉಪಾಯ ಏನು ಗೊತ್ತಾ? ರೋಗಿಯನ್ನ ಕೂರಿಸೋದು. ಕೂರಿಸಿಯೇ ಮಂಪರು ಕೊಟ್ಟು ಆಪರೇಷನ್ ಮಾಡೋದು. ರಕ್ತ ಒಳಗೆ ಹೋಗದೆ ಹೊರಗೆ ಸುರಿಯುತ್ತೆ.

ಅಷ್ಟೊತ್ತಿಗೆ ಅಮೆರಿಕದಿಂದ ಇನ್ನೊಂದು ವಿದ್ಯೆ ಬಂದಿತ್ತು. 1909ರಲ್ಲಿ ಮೆಲ್ಟ್ಸರ್ ಮತ್ತು ಆಯರ್ ಅನ್ನೋರು ಶ್ವಾಸನಾಳದೊಳಗೆ ಸಣ್ಣ ನಳಿಗೆ ಇಳಿಸಿ, ಅದರ ಮೂಲಕ ಈಥರ್ ಬೆರೆತ ಗಾಳಿಯನ್ನ ಒತ್ತಡದಿಂದ ಊದೋದನ್ನ ಪ್ರಾಣಿಗಳ ಮೇಲೆ ತೋರಿಸಿದ್ದರು. ಅದು ಮನುಷ್ಯರಿಗೂ ಬಂತು. ಮುಖವಾಡ ಬೇಕಿಲ್ಲ, ಮುಖ ಬಿಡುವಾಯ್ತು. ಸರಿ, ಆದರೆ ಊದಿದ ಗಾಳಿ ವಾಪಸ್ ಬರಬೇಕಲ್ಲ? ನಳಿಗೆಯ ಸುತ್ತ ಇರೋ ಸಂದಿಯಿಂದ ಬರ್ತಿತ್ತು. ಬರುವಾಗ ಬಾಯಲ್ಲಿದ್ದ ರಕ್ತವನ್ನೂ, ಈಥರ್ ಹಬೆಯನ್ನೂ ಎತ್ತಿಕೊಂಡು ನೇರವಾಗಿ ಬಗ್ಗಿ ನಿಂತಿದ್ದ ಸರ್ಜನ್‌ನ ಮುಖಕ್ಕೆ ಎರಚುತ್ತಿತ್ತು. ರೋಗಿ ಜೊತೆ ಸರ್ಜನ್‌ಗೂ ಜೊಂಪು ಹತ್ತಬೇಕು, ಹಾಗಿತ್ತು ಪರಿಸ್ಥಿತಿ.

1919ರಲ್ಲಿ ಸಿಡ್‌ಕಪ್‌ಗೆ ಐವನ್ ಮ್ಯಾಗಿಲ್ ಬಂದರು. ಐರ್ಲೆಂಡಿನ ಲಾರ್ನ್ ಊರಿನವರು, ಆಗ ಮೂವತ್ತರ ಆಸುಪಾಸು. ಯುದ್ಧದಲ್ಲಿ ಸೇನೆಯ ಡಾಕ್ಟರಾಗಿದ್ದವರು, ಅರಿವಳಿಕೆಯ ತಜ್ಞರಲ್ಲ. ಜೊತೆಗೆ ಸಿಕ್ಕ ಸ್ಟ್ಯಾನ್ಲಿ ರೋಬಾತಮ್ ಕೂಡ ಹಾಗೇ. ಖಾಲಿ ಇದ್ದ ಕೆಲಸಕ್ಕೆ ಹಾಕಿದರು, ಮಾಡ್ತಾ ಮಾಡ್ತಾ ಕಲಿತರು. ಮೊದಲು ಎರಡು ನಳಿಗೆ ಹಾಕಿ ನೋಡಿದರು, ಒಂದು ಗಾಳಿ ಒಳಗೆ ಹೋಗೋಕೆ, ಇನ್ನೊಂದು ಹೊರಗೆ ಬರೋಕೆ. ಆಮೇಲೆ ಹೊಳೆದದ್ದು ಈಗ ನಮಗೆ ತೀರಾ ಸಾದಾ ಅನ್ಸುತ್ತೆ: ಒಂದೇ ನಳಿಗೆ ಸಾಕು, ಆದರೆ ಅಗಲವಾಗಿರಲಿ. ಊದೋದೂ ಬೇಡ. ರೋಗಿಯೇ ಅದರೊಳಗಿಂದ ಉಸಿರು ಎಳ್ಕೋತಾನೆ, ಅದರಿಂದಲೇ ಬಿಡ್ತಾನೆ. ಸುತ್ತ ಇರೋ ಗಂಟಲಿಗೆ ಬಟ್ಟೆ ತುರುಕಿದರೆ ರಕ್ತವೂ ಇಳಿಯಲ್ಲ. ಮ್ಯಾಗಿಲ್ ರಬ್ಬರ್ ಕೊಳವೆಯ ಸುರುಳಿ ತಂದು, ಬೇಕಾದ ಉದ್ದಕ್ಕೆ ಕತ್ತರಿಸಿ, ಅಂಚನ್ನ ನುಣುಪು ಮಾಡಿ, ಸುರುಳಿ ಸುತ್ತಿ ಇಟ್ಟು ಅದಕ್ಕೊಂದು ಬಾಗು ಬರೋ ಹಾಗೆ ಮಾಡ್ತಿದ್ದರು. ಆ ಬಾಗು ಇದ್ದರೆ ಕೊಳವೆ ಮೂಗಿನಿಂದ ಹೋಗಿ ಗಂಟಲಲ್ಲಿ ಸರಿಯಾಗಿ ತಿರುಗುತ್ತೆ.

ಮೂಗಿನಿಂದಲೇ ಯಾಕೆ? ದವಡೆ ಮುರಿದವರಿಗೆ ಇದೇ ಮುಖ್ಯ ಪ್ರಶ್ನೆ. ಮುರಿದ ದವಡೆ ಸರಿಯಾಗಿ ಕೂತಿದೆಯಾ ಅಂತ ಗೊತ್ತಾಗೋ ನಂಬಿಕಸ್ಥ ಅಳತೆ ಒಂದೇ, ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ಮೊದಲಿನ ಹಾಗೆ ಕೂಡಬೇಕು. ಬಾಯಲ್ಲಿ ಕೊಳವೆ ಇದ್ದರೆ ಹಲ್ಲು ಕೂಡಿಸೋದು ಹೇಗೆ? ಹಲ್ಲು ತಪ್ಪಿ ಕೂಡಿದರೆ ಆ ಮನುಷ್ಯ ಆಮೇಲೆ ಜೀವಮಾನವಿಡೀ ರೊಟ್ಟಿ ಅಗಿಯೋಕೆ ಕಷ್ಟಪಡ್ತಾನೆ.

ಮ್ಯಾಗಿಲ್ ಈ ಕೊಳವೆಯನ್ನ ಕಣ್ಣಿಂದ ನೋಡದೆ ಹಾಕೋದನ್ನ ರೂಢಿ ಮಾಡ್ಕೊಂಡರು. ಆಡಿಯೊ ಮಾಡೋ ನನಗೆ ಈ ಇಡೀ ಕಥೆಯಲ್ಲಿ ಅತಿ ಇಷ್ಟದ ಭಾಗ ಇದು. ರೋಗಿ ಮಂಪರಿನಲ್ಲಿ ತಾನೇ ಉಸಿರಾಡ್ತಿರ್ತಾನೆ. ತಲೆಯನ್ನ ಹೂವು ಮೂಸೋ ಹಾಗೆ ಸ್ವಲ್ಪ ಮುಂದಕ್ಕೆ ಎತ್ತಿಡಬೇಕು. ಮೂಗಿನಿಂದ ಕೊಳವೆ ಇಳಿಸ್ತಾ ಹೊರಗಿರೋ ತುದಿಗೆ ಕಿವಿ ಕೊಡಬೇಕು. ಒಳಗಿನ ತುದಿ ಶ್ವಾಸನಾಳದ ಬಾಯಿಗೆ ಹತ್ತಿರ ಬಂದ ಹಾಗೆ ಉಸಿರಿನ ಸದ್ದು ಜೋರಾಗುತ್ತೆ. ದಾರಿ ತಪ್ಪಿ ಅನ್ನನಾಳದ ಕಡೆ ಹೊರಟರೆ ಸದ್ದು ಕಮ್ಮಿಯಾಗುತ್ತೆ. ಸದ್ದು ಜೋರಿದ್ದಾಗ, ರೋಗಿ ಉಸಿರು ಎಳ್ಕೊಳ್ಳೋ ಆ ಕ್ಷಣಕ್ಕೆ ಒಳಗೆ ತಳ್ಳಬೇಕು. ಕಿವಿಯಿಂದ ಮಾಡೋ ಕೆಲಸ! ಅದಕ್ಕೆ ಸಹಾಯಕ್ಕೆ ಅಂತ 1920ರಲ್ಲಿ ಅವರು ಮಾಡಿದ ಬಾಗಿದ ಇಕ್ಕಳ ಇವತ್ತಿಗೂ ಆಪರೇಷನ್ ಥಿಯೇಟರ್‌ಗಳಲ್ಲಿ ಮ್ಯಾಗಿಲ್ ಫೋರ್ಸೆಪ್ಸ್ ಅನ್ನೋ ಹೆಸರಲ್ಲೇ ಇದೆ. ಪ್ಲಾಸ್ಟಿಕ್ ಸರ್ಜರಿಯ ಪಿತಾಮಹ ಅಂತ ಗಿಲ್ಲೀಸ್‌ಗೆ ಹೆಸರು ಬಂತು, ಬರಲೇಬೇಕಿತ್ತು. ಆದರೆ ಆಮೇಲಿನ ಮುಖದ ಸರ್ಜರಿಯೆಲ್ಲ ನಿಂತಿರೋದು ಆ ರಬ್ಬರ್ ಕೊಳವೆ ಬಿಡಿಸಿಕೊಟ್ಟ ಸೈಟಿನ ಮೇಲೆ.

ವ್ಯಾಜ್ಯಕ್ಕೆ ಇನ್ನೊಂದು ಪರಿಹಾರವೂ ಇತ್ತು. ಅದು ಮ್ಯಾಗಿಲ್‌ಗಿಂತ ಮೂವತ್ತೈದು ವರ್ಷ ಹಳೇದು. ರೋಗಿಯನ್ನ ಮಲಗಿಸೋದೇ ಬೇಡ. ಅವನು ಎಚ್ಚರವಾಗಿದ್ದು ಕಾವಸ್ಜಿ ಥರ ತನ್ನ ಉಸಿರು ತಾನೇ ನೋಡ್ಕೊಳ್ಳಲಿ, ನೋವು ಒಯ್ಯೋ ನರವನ್ನ ಮಾತ್ರ ಸುಮ್ಮನಾಗಿಸಿದರೆ?

1884, ವಿಯೆನ್ನಾ. ಇಬ್ಬರು ಯುವ ಡಾಕ್ಟರುಗಳು, ಇಬ್ಬರಿಗೂ ಮೂವತ್ತಾಗಿಲ್ಲ, ಇಬ್ಬರ ಜೇಬೂ ಖಾಲಿ. ಒಬ್ಬ ಸಿಗ್ಮಂಡ್ ಫ್ರಾಯ್ಡ್, ಆಮೇಲೆ ಮನಸ್ಸಿನ ವಿಷಯಕ್ಕೆ ಜಗತ್ಪ್ರಸಿದ್ಧನಾದ ಅದೇ ಫ್ರಾಯ್ಡ್. ಆಗ ಅವನ ತಲೆ ತುಂಬ ಕೊಕೇನ್, ಅದರ ಬಗ್ಗೆ ದೊಡ್ಡ ಲೇಖನವನ್ನೇ ಬರೆದಿದ್ದ. ಇನ್ನೊಬ್ಬ ಕಾರ್ಲ್ ಕೋಲರ್, ಕಣ್ಣಿನ ಡಾಕ್ಟರಾಗಬೇಕು ಅಂತಿದ್ದವನು. ಕಣ್ಣಿನ ಆಪರೇಷನ್‌ಗೆ ಈಥರ್ ಸರಿಹೋಗ್ತಿರಲಿಲ್ಲ, ಎದ್ದ ಮೇಲೆ ವಾಂತಿ ಮಾಡ್ಕೊಂಡರೆ ಹೊಲಿಗೆ ಹಾಳು. ಕೊಕೇನ್ ನಾಲಿಗೆಗೆ ತಾಗಿದರೆ ಜೋಮು ಹಿಡಿಯುತ್ತೆ ಅನ್ನೋದು ಹಲವರಿಗೆ ಗೊತ್ತಿತ್ತು. 1860ರಲ್ಲಿ ಅದನ್ನ ಕೋಕಾ ಎಲೆಯಿಂದ ಬೇರ್ಪಡಿಸಿದ ಆಲ್ಬರ್ಟ್ ನೀಮನ್ನೇ ಬರೆದಿಟ್ಟಿದ್ದ. ನಾಲಿಗೆಗೆ ಜೋಮು ಹಿಡಿದರೆ ಕಣ್ಣಿಗೂ ಹಿಡಿಯಬೇಕಲ್ಲ ಅಂತ ಯೋಚಿಸಿದವನು ಕೋಲರ್. ಫ್ರಾಯ್ಡ್ ತನ್ನ ಹುಡುಗಿಯನ್ನ ನೋಡೋಕೆ ಹ್ಯಾಂಬರ್ಗ್ ಕಡೆ ಹೋಗಿದ್ದಾಗ ಕೋಲರ್ ಮೊದಲು ಕಪ್ಪೆಯ ಕಣ್ಣಿಗೆ, ಆಮೇಲೆ ತನ್ನ ಕಣ್ಣಿಗೇ ಕೊಕೇನ್ ಹನಿ ಹಾಕ್ಕೊಂಡು, ಗುಂಡುಸೂಜಿಯ ತಲೆಯಿಂದ ಕಣ್ಣುಗುಡ್ಡೆ ಮುಟ್ಟಿ ನೋಡಿದ. ಏನೂ ಗೊತ್ತಾಗಲಿಲ್ಲ. ಸೆಪ್ಟೆಂಬರ್ 15ಕ್ಕೆ ಹೈಡೆಲ್‌ಬರ್ಗ್‌ನಲ್ಲಿ ಕಣ್ಣಿನ ವೈದ್ಯರ ಸಮ್ಮೇಳನ. ಹೋಗೋಕೆ ಕೋಲರ್ ಹತ್ರ ದುಡ್ಡಿಲ್ಲ, ಅವನ ಪ್ರಬಂಧವನ್ನ ಬೇರೊಬ್ಬರು ಓದಿದರು. ಕೆಲವೇ ವಾರಗಳಲ್ಲಿ ಸುದ್ದಿ ಅಟ್ಲಾಂಟಿಕ್ ದಾಟಿತ್ತು.

ದಾಟಿದ ಕಡೆ ಅದು ನ್ಯೂಯಾರ್ಕಿನ ಸರ್ಜನ್ ವಿಲಿಯಂ ಹಾಲ್‌ಸ್ಟೆಡ್ ಕೈಗೆ ಸಿಕ್ತು. ಹನಿ ಹಾಕೋದರ ಬದಲು ನರದ ಬುಡಕ್ಕೇ ಸೂಜಿ ಚುಚ್ಚಿದರೆ, ಆ ನರ ಹೋಗೋ ಜಾಗವೆಲ್ಲ ಮರಗಟ್ಟುತ್ತಲ್ಲ? ಮುಖಕ್ಕೆ ಇದು ಹೇಳಿ ಮಾಡಿಸಿದ ಯೋಚನೆ. ಯಾಕಂದ್ರೆ ಮುಖದ ನೋವೆಲ್ಲ ಹೆಚ್ಚುಕಮ್ಮಿ ಒಂದೇ ನರದ್ದು, ಪ್ರತಿ ಪಕ್ಕಕ್ಕೂ ಅದರ ಮೂರು ಕವಲು. ಒಂದು ಹಣೆ ಕಡೆ, ಒಂದು ಮೇಲ್ದವಡೆ ಕಡೆ, ಒಂದು ಕೆಳದವಡೆ ಕಡೆ. ಅವು ಮೂಳೆಯಿಂದ ಹೊರಬರೋ ತೂತುಗಳು ಬೆರಳಿಗೆ ಸಿಗೋ ಅಷ್ಟು ಖಚಿತ. 1884 ಮುಗಿಯೋದರೊಳಗೆ ಹಾಲ್‌ಸ್ಟೆಡ್ ಮತ್ತು ಅವನ ಸಂಗಡಿಗ ರಿಚರ್ಡ್ ಹಾಲ್ ಕೆಳದವಡೆಯ ನರವನ್ನ ಹೀಗೆ ಮರಗಟ್ಟಿಸಿ ತೋರಿಸಿದ್ದರು. ಇವತ್ತು ಹಲ್ಲಿನ ಡಾಕ್ಟರು ನಿಮ್ಮ ಬಾಯಿಯ ಹಿಂಭಾಗಕ್ಕೆ ಸೂಜಿ ಹಾಕಿ ಅರ್ಧ ತುಟಿ ಜೋತು ಬೀಳಿಸ್ತಾರಲ್ಲ, ಅದೇ.

ಅವರು ಪ್ರಯೋಗ ಮಾಡಿದ್ದು ತಮ್ಮ ಮೇಲೆ, ತಮ್ಮ ವಿದ್ಯಾರ್ಥಿಗಳ ಮೇಲೆ. ಕೊಕೇನ್ ಚಟ ಹಿಡಿಸುತ್ತೆ ಅನ್ನೋದು ಆಗಿನ್ನೂ ಡಾಕ್ಟರುಗಳ ತಲೆಗೆ ಇಳಿದಿರಲಿಲ್ಲ. ಒಂದೆರಡು ವರ್ಷದಲ್ಲಿ ಹಾಲ್‌ಸ್ಟೆಡ್ ಆಸ್ಪತ್ರೆ ಬಿಟ್ಟು ಚಿಕಿತ್ಸೆಗೆ ಸೇರಬೇಕಾಯ್ತು. ಅಲ್ಲಿ ಕೊಕೇನ್ ಬಿಡಿಸೋಕೆ ಮಾರ್ಫೀನ್ ಕೊಟ್ಟರು, ಈಗ ಕೇಳಿದರೆ ತಲೆ ಚಚ್ಚಿಕೊಳ್ಳಬೇಕು. ಆಮೇಲೆ ಆತ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ದೊಡ್ಡ ಸರ್ಜನ್ ಆದ, ಅಮೆರಿಕದ ಒಂದು ಪೀಳಿಗೆಯ ಸರ್ಜನ್‌ಗಳನ್ನೇ ತಯಾರು ಮಾಡಿದ. ಮಾರ್ಫೀನ್ ಮಾತ್ರ ಬಿಡಲಿಲ್ಲ. ಸಹೋದ್ಯೋಗಿ ವಿಲಿಯಂ ಆಸ್ಲರ್ ಗುಟ್ಟಾಗಿ ಬರೆದಿಟ್ಟ ಟಿಪ್ಪಣಿ 1969ರಲ್ಲಿ ತೆರೆದಾಗಷ್ಟೇ ಇದು ಜಗತ್ತಿಗೆ ಖಚಿತವಾಯ್ತು. ರಿಚರ್ಡ್ ಹಾಲ್‌ಗೂ ಚಟ ಹಿಡಿದಿತ್ತು, ಅವನ ಹೆಸರು ನಮಗೆ ಹೆಚ್ಚು ಕೇಳೋಕೂ ಸಿಗಲ್ಲ.

ಹಾಗಾಗಿ ರಸಾಯನಶಾಸ್ತ್ರಜ್ಞರು ಕೊಕೇನಿನ ಜೋಮು ಇಟ್ಕೊಂಡು ಚಟವನ್ನ ತೆಗೆದುಹಾಕೋ ಕೆಲಸಕ್ಕೆ ಕೂತರು. ಮ್ಯೂನಿಕ್‌ನ ಆಲ್ಫ್ರೆಡ್ ಐನ್‌ಹಾರ್ನ್ 1904ರ ಹೊತ್ತಿಗೆ ಪ್ರೊಕೇನ್ ಮಾಡಿದ, ನೋವೊಕೇನ್ ಅನ್ನೋ ಹೆಸರಲ್ಲಿ ಮಾರಾಟಕ್ಕೆ ಬಂತು. ಹೈನ್‌ರಿಶ್ ಬ್ರೌನ್ ಅನ್ನೋ ಜರ್ಮನ್ ಸರ್ಜನ್ ಇಂಥ ಮದ್ದಿಗೆ ಒಂಚೂರು ಅಡ್ರಿನಲಿನ್ ಬೆರೆಸಿದ. ಅದು ರಕ್ತನಾಳಗಳನ್ನ ಬಿಗಿಹಿಡಿಯುತ್ತೆ, ಮದ್ದು ಕೊಚ್ಚಿಹೋಗದೆ ಅಲ್ಲೇ ಉಳಿಯುತ್ತೆ, ರಕ್ತಸ್ರಾವವೂ ಕಮ್ಮಿ. ರಕ್ತ ಜಾಸ್ತಿ ಹರಿಯೋ ಮುಖಕ್ಕೆ ಇದು ಡಬಲ್ ಲಾಭ. ಕೊನೆಗೆ 1943ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ನೀಲ್ಸ್ ಲೋಫ್‌ಗ್ರೆನ್ ಒಂದು ಹೊಸ ವಸ್ತು ತಯಾರಿಸಿದ. ಅವನ ಯುವ ಸಂಗಡಿಗ ಬೆಂಗ್ಟ್ ಲುಂಡ್‌ಕ್ವಿಸ್ಟ್ ಅದನ್ನ ತನಗೇ ಚುಚ್ಚಿಕೊಂಡು ನೋಡಿದ. ಆರು ದಶಕ ಆದ್ರೂ ಪದ್ಧತಿ ಬದಲಾಗಿರಲಿಲ್ಲ ನೋಡಿ! ಅದೇ ಲಿಗ್ನೊಕೇನ್. 1948ರಲ್ಲಿ ಝೈಲೊಕೇನ್ ಅಂತ ಅಂಗಡಿಗೆ ಬಂತು. ನಿಮ್ಮ ಹಲ್ಲಿನ ಡಾಕ್ಟರ ಟೇಬಲ್ ಮೇಲಿರೋ ಸೀಸೆ ಬಹುಪಾಲು ಇದೇ.

ಇದು ಕೆಲಸ ಮಾಡೋದು ಹೇಗೆ? ನಾನು ಬಿ.ಕಾಂ ಓದಿದವನು, ನನಗೆ ಅರ್ಥವಾದ ದಾರಿಯಲ್ಲೇ ಹೇಳ್ತೀನಿ. ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ಜನ ಅಲೆ ಎಬ್ಬಿಸೋದು ನೋಡಿದ್ದೀರಲ್ಲ. ಯಾರೂ ಓಡಲ್ಲ. ಪಕ್ಕದವನು ಎದ್ದ ಅಂತ ಇವನು ಏಳ್ತಾನೆ, ಇವನು ಎದ್ದ ಅಂತ ಅವನ ಪಕ್ಕದವನು. ನರದಲ್ಲಿ ನೋವಿನ ಸುದ್ದಿ ಹೋಗೋದು ಹಾಗೇ. ನರದ ಗೋಡೆಯ ಉದ್ದಕ್ಕೂ ಸಣ್ಣ ಗೇಟುಗಳಿವೆ. ಒಂದು ಗೇಟು ತೆರೆದು ಹೊರಗಿನ ಸೋಡಿಯಂ ಒಳಗೆ ನುಗ್ಗಿದರೆ ಅಲ್ಲಿಯ ವಿದ್ಯುತ್ ಸ್ಥಿತಿ ಬದಲಾಗುತ್ತೆ, ಅದು ಪಕ್ಕದ ಗೇಟನ್ನ ತೆರೆಸುತ್ತೆ. 1952ರಲ್ಲಿ ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ ಸ್ಕ್ವಿಡ್ ಅನ್ನೋ ಸಮುದ್ರಜೀವಿಯ ದಪ್ಪ ನರದಲ್ಲಿ ಇದನ್ನ ಲೆಕ್ಕ ಸಮೇತ ತೋರಿಸಿ, 1963ರಲ್ಲಿ ನೊಬೆಲ್ ಪಡೆದರು. ಸ್ಟೇಡಿಯಂನ ಒಂದು ಸ್ಟ್ಯಾಂಡಿನ ಜನರನ್ನೆಲ್ಲ ಸೀಟಿಗೆ ಕಟ್ಟಿಹಾಕಿದರೆ ಅಲೆ ಅಲ್ಲಿಗೇ ಸಾಯುತ್ತಲ್ಲ? ಲಿಗ್ನೊಕೇನ್ ಮಾಡೋದು ಅಷ್ಟೇ. ದವಡೆಯಲ್ಲಿ ಗಾಯ ಇದೆ, ನರ ಕೂಗ್ತಾನೂ ಇದೆ, ಕೂಗು ಮಿದುಳಿಗೆ ಮುಟ್ಟಲ್ಲ.

ಮಜಾ ಏನಂದ್ರೆ, ಮದ್ದು ಗೇಟನ್ನ ಮುಚ್ಚೋದು ಒಳಗಿನಿಂದ. ಮೊದಲು ವಿದ್ಯುತ್ ಹೊರೆ ಇಲ್ಲದ ರೂಪದಲ್ಲಿ ನರದ ಎಣ್ಣೆಯಂಥ ಗೋಡೆಯನ್ನ ನುಸುಳಿ ಒಳಗೆ ಹೋಗುತ್ತೆ, ಒಳಗೆ ಹೊರೆ ಹೊತ್ತುಕೊಂಡು ಗೇಟಿನ ಒಳಬದಿಗೆ ಅಂಟಿಕೊಳ್ಳುತ್ತೆ. ಕೀವು ತುಂಬಿದ ಜಾಗದಲ್ಲಿ ಆಮ್ಲ ಜಾಸ್ತಿ, ಅಲ್ಲಿ ಮದ್ದು ಹೊರಗೇ ಹೊರೆ ಹೊತ್ತುಕೊಂಡುಬಿಡುತ್ತೆ, ಗೋಡೆ ದಾಟೋಕಾಗಲ್ಲ. ಕೀವಾದ ಹಲ್ಲಿಗೆ ಇಂಜೆಕ್ಷನ್ ಸರಿಯಾಗಿ ಹಿಡಿಯಲ್ಲ ಅಂತ ಡಾಕ್ಟರು ಹೇಳೋದಕ್ಕೆ ಇದೊಂದು ಮುಖ್ಯ ಕಾರಣ. ನೋವಿನ ಸಪೂರ ನರಗಳು ಬೇಗ ಸೋಲ್ತವೆ, ಒತ್ತಡ ತಿಳಿಸೋ ದಪ್ಪ ನರಗಳು ಆಮೇಲೆ. ಅದಕ್ಕೇ ಹಲ್ಲು ಕೀಳುವಾಗ ಎಳೆಯೋದು ಗೊತ್ತಾಗುತ್ತೆ, ನೋವಾಗಲ್ಲ.

ಇದೇ ಗೇಟುಗಳು ಹೃದಯದಲ್ಲೂ ಇವೆ, ಮಿದುಳಲ್ಲೂ ಇವೆ. ಮದ್ದು ರಕ್ತಕ್ಕೆ ಜಾಸ್ತಿ ಸೇರಿದರೆ ತುಟಿ ಸುತ್ತ ಜೋಮು, ಕಿವಿಯಲ್ಲಿ ಗುಂಯ್ ಸದ್ದು, ಆಮೇಲೆ ಫಿಟ್ಸ್, ಕೊನೆಗೆ ಹೃದಯ ನಿಲ್ಲಬಹುದು. ಅದಕ್ಕೇ ಡೋಸ್ ತೂಕದ ಲೆಕ್ಕದಲ್ಲಿ: ಲಿಗ್ನೊಕೇನ್ ಒಂದೇ ಆದ್ರೆ ಕಿಲೋಗೆ ಸುಮಾರು 4.5 ಮಿಲಿಗ್ರಾಂ, ಅಡ್ರಿನಲಿನ್ ಬೆರೆಸಿದ್ರೆ 7ರವರೆಗೆ. ಇಲ್ಲೇ ಸೂಜಿಯ ದಾರಿಯ ಮಿತಿ ಇರೋದು. ಒಂದು ಕಡೆ ಸೀಳಿದ ತುಟಿ, ಒಂದು ಹಲ್ಲಿನ ಸಾಲು, ಕೆಲವು ಸರಳ ದವಡೆ ಮುರಿತ, ಇವಕ್ಕೆ ಸೂಜಿ ಸಾಕು. ಇಡೀ ಮುಖ ಚೂರಾಗಿದ್ರೆ ಅಷ್ಟು ಮದ್ದು ಕೊಡೋಕಾಗಲ್ಲ, ಗಂಟೆಗಟ್ಟಲೆ ಎಚ್ಚರವಾಗಿ ಮಲಗಿರು ಅಂತ ಯಾರಿಗೂ ಹೇಳೋಕಾಗಲ್ಲ. ಮತ್ತೆ ಮ್ಯಾಗಿಲ್‌ನ ಕೊಳವೆಯೇ ಬೇಕು.

ಕೊಳವೆ ಮತ್ತು ಸೂಜಿಯ ಕಥೆಗಳು ಒಂದೇ ಹಾಸಿಗೆಯ ಹತ್ತಿರ ಕೂಡೋದು ಇಲ್ಲಿ. ದವಡೆ ಮುರಿದು, ಊದಿ, ಬಾಯಿ ಎರಡು ಬೆರಳೂ ತೆರೆಯದ ರೋಗಿಯನ್ನ ಮೊದಲೇ ಮಲಗಿಸಿಬಿಟ್ಟು, ಆಮೇಲೆ ಕೊಳವೆ ಹೋಗದಿದ್ರೆ? ಉಸಿರು ನಿಲ್ಲುತ್ತೆ. ಹಾಗಾಗಿ ಎಷ್ಟೋ ಸಲ ಎಚ್ಚರವಾಗಿರುವಾಗಲೇ ಕೊಳವೆ ಹಾಕ್ತಾರೆ. ಮೂಗು, ಗಂಟಲು, ಧ್ವನಿಪೆಟ್ಟಿಗೆಗೆಲ್ಲ ಲಿಗ್ನೊಕೇನ್ ಸಿಂಪಡಿಸಿ ಜೋಮು ಹಿಡಿಸ್ತಾರೆ. ಆಮೇಲೆ ತುದಿಯಲ್ಲಿ ಬೆಳಕಿರೋ ಬಳುಕುವ ದುರ್ಬೀನನ್ನ ಮೂಗಿನಿಂದ ಇಳಿಸಿ, ಅದರ ಮೇಲೆ ಕೊಳವೆ ಜಾರಿಸ್ತಾರೆ. 1967ರಲ್ಲಿ ಪೀಟರ್ ಮರ್ಫಿ ಅನ್ನೋ ಇಂಗ್ಲಿಷ್ ವೈದ್ಯರು ಮೊದಲು ಹೀಗೆ ಮಾಡಿದಾಗ ಬಳಸಿದ್ದು ಪಿತ್ತನಾಳ ನೋಡೋಕೆ ಅಂತ ಮಾಡಿದ್ದ ದುರ್ಬೀನು. ಮ್ಯಾಗಿಲ್ ಕಿವಿಯಿಂದ ಹುಡುಕಿದ ದಾರಿಗೆ ಈಗ ಕಣ್ಣು ಬಂದಿತ್ತು.

ಉಳಿದದ್ದು ಒಂದು ಕಷ್ಟದ ಕೇಸು. ದವಡೆಯೂ ಮುರಿದಿದೆ, ಮೂಗೂ ಚೂರಾಗಿದೆ, ತಲೆಬುರುಡೆಯ ತಳದಲ್ಲೂ ಬಿರುಕಿರಬಹುದು. ಫ್ರಾನ್ಸಿನ ರೆನೆ ಲೆ ಫೋರ್ ಶವಗಳ ಮುಖಕ್ಕೆ ಪೆಟ್ಟು ಕೊಟ್ಟು ಅಧ್ಯಯನ ಮಾಡಿ, ಮುಖದ ನಡುಭಾಗ ಎಲ್ಲೆಲ್ಲಿ ಬಿರಿಯುತ್ತೆ ಅಂತ 1901ರಲ್ಲಿ ಮೂರು ಗೆರೆ ಎಳೆದಿದ್ದರು. ಮೇಲಿನ ಗೆರೆಗಳಲ್ಲಿ ಮುರಿದಿದ್ರೆ ಮೂಗಿನ ಕೊಳವೆ ತಪ್ಪುದಾರಿಯಲ್ಲಿ ಮಿದುಳಿನ ಕಡೆ ಹೋಗೋ ಅಪಾಯ. ಬಾಯಲ್ಲಿ ಹಾಕಿದ್ರೆ ಹಲ್ಲು ಕೂಡಿಸೋಕಾಗಲ್ಲ. ಎರಡು ಬಾಗಿಲೂ ಬಂದ್. ಕುತ್ತಿಗೆಯಲ್ಲಿ ತೂತು ಕೊರೆಯೋದು ಹಳೇ ದಾರಿ, ಅದರ ಗಾಯದ ಗುರುತು, ತೊಡಕು ಎರಡೂ ಉಳಿಯುತ್ತೆ. 1986ರಲ್ಲಿ ಸ್ಪೇನ್‌ನ ಫ್ರಾನ್ಸಿಸ್ಕೊ ಹೆರ್ನಾಂಡೆಜ್ ಆಲ್ಟೆಮಿರ್ ಬೇರೆ ಉಪಾಯ ಬರೆದರು. ಕೊಳವೆಯನ್ನ ಬಾಯಿಂದಲೇ ಹಾಕಿ. ಆಮೇಲೆ ಗದ್ದದ ಕೆಳಗೆ ಸಣ್ಣ ಸೀಳು ಮಾಡಿ, ಬಾಯಿಯ ನೆಲದಿಂದ ಕೊಳವೆಯ ಹೊರತುದಿಯನ್ನ ಕೆಳಗೆ ಎಳೆದು ಹೊರತನ್ನಿ. ಹಲ್ಲುಗಳ ನಡುವೆ ಏನೂ ಇಲ್ಲ, ಮೂಗಿನಲ್ಲೂ ಏನೂ ಇಲ್ಲ. ಆಪರೇಷನ್ ಮುಗಿದ ಮೇಲೆ ಕೊಳವೆ ತೆಗೆದು ಎರಡು ಹೊಲಿಗೆ ಹಾಕಿದರೆ, ಗುರುತು ಗದ್ದದ ನೆರಳಲ್ಲಿ ಮುಚ್ಚಿಹೋಗುತ್ತೆ.

ನಮ್ಮ ದೇಶದಲ್ಲೂ ರಸ್ತೆ ಅಪಘಾತದಲ್ಲಿ ಮುಖವೆಲ್ಲ ಒಡೆದು ಬಂದವರಿಗೆ ಈ ವಿಧಾನ ಬಳಸ್ತಾರೆ. ಆಲ್ಟೆಮಿರ್ ಇದನ್ನ ಬರೆದ ವರ್ಷದ ನವೆಂಬರ್‌ನಲ್ಲೇ ಐವನ್ ಮ್ಯಾಗಿಲ್ ತೀರಿಕೊಂಡರು. ವಯಸ್ಸು 98.